ನೀಲಿ ಕಡಲಿನ ರೆಸಾರ್ಟ್: ನಂಬಿಕೆ ಎಷ್ಟು, ನಿಜ ಎಷ್ಟು?

ದೇಶನೂರಿನವರಿಗೆ ದ್ವೀಪ ಹೊಸದಲ್ಲ. ಸಿರುಗುಪ್ಪದ ಬಳಿ ತುಂಗಭದ್ರೆ ಕವಲೊಡೆದು ಬಳಸಿಕೊಂಡ ನೆಲವೇ ದೇಶನೂರು. ಆರು ಮೈಲಿ ಉದ್ದದ ದ್ವೀಪವೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ಇದನ್ನು ದಾಖಲಿಸಿದೆ. ಹೊಳೆ, ಕಾಲುವೆ, ಭತ್ತದ ಗದ್ದೆಗಳ ನಡುವೆ ಬೆಳೆದವರಿಗೆ ನೀರಿನ ಸ್ವಭಾವ ಗೊತ್ತು. ಆದರೆ ಕಡಲಿನ ಬಳಕೆ ಇಲ್ಲ. ಕನ್ನಡ ಕರಾವಳಿಯ ಅಂಕೋಲಾ ತಲುಪಬೇಕಾದರೂ ಇಲ್ಲಿಂದ ಸುಮಾರು ಮುನ್ನೂರೈವತ್ತು ಕಿ.ಮೀ. ದಾರಿ.

ಈಗ ಈ ಭಾಗದ ಮನೆಗಳಲ್ಲೂ ಕಡಲತೀರದ ರೆಸಾರ್ಟ್ ಮಾತಿಗೆ ಬರುತ್ತಿದೆ. ಸುಗ್ಗಿ ಮುಗಿದು ಮದುವೆಯಾದ ಜೋಡಿ ಗೋವಾಕ್ಕೋ ಗೋಕರ್ಣಕ್ಕೋ ಹೋಗುತ್ತದೆ. ಅಮೆರಿಕದಲ್ಲಿ ಕೆಲಸಕ್ಕಿರುವ ಮಕ್ಕಳು ಅಪ್ಪ-ಅಮ್ಮನನ್ನು ಕರೆಸಿಕೊಂಡಾಗ ಕ್ಯಾನ್‌ಕುನ್, ಜಮೈಕಾ, ಬಾರ್ಬಡೋಸ್ ಎಂದು ಕೆರಿಬಿಯನ್ ಕಡೆ ಟಿಕೆಟ್ ತೆಗೆಸುತ್ತಾರೆ. ಖರ್ಚು ಸಣ್ಣದಲ್ಲ. ಒಂದು ವಾರದ ಬಿಲ್ಲು ಕೆಲವು ಎಕರೆ ಭತ್ತದ ದುಡ್ಡನ್ನು ನುಂಗಬಹುದು. ಹಾಗಿದ್ದೂ ಹೆಚ್ಚಿನವರು ರೆಸಾರ್ಟ್ ಆರಿಸುವುದು ಫೋಟೊ ನೋಡಿ, ಸ್ಟಾರ್ ಎಣಿಸಿ. ನನ್ನ ಮಟ್ಟಿಗೆ ಮೊದಲು ಆರಿಸಬೇಕಾದ್ದು ತಿಂಗಳು, ಆಮೇಲೆ ದಡ, ಕೊನೆಗೆ ಕೋಣೆ. ಈ ಕ್ರಮವನ್ನು ತಲೆಕೆಳಗು ಮಾಡಿಸುವ ಕೆಲವು ನಂಬಿಕೆಗಳನ್ನು ಇಲ್ಲಿ ಒರೆಗೆ ಹಚ್ಚಿದ್ದೇನೆ.

ನಂಬಿಕೆ: ಕೆರಿಬಿಯನ್ ಕಡಲು ವರ್ಷವಿಡೀ ನೀಲಿ, ವರ್ಷವಿಡೀ ಶಾಂತ.

2024ರ ಜೂನ್ 29ರ ರಾತ್ರಿ ಯಾರಿಗೆ ತಾನೇ ನೆನಪಿಲ್ಲ? ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ನಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು ಏಳು ರನ್‌ಗಳಿಂದ ಮಣಿಸಿ ಟಿ20 ವಿಶ್ವಕಪ್ ಗೆದ್ದಿತು. ಗೆದ್ದ ತಂಡಕ್ಕೆ ಮರುದಿನವೇ ಹೊರಡಲು ಆಗಲಿಲ್ಲ. ‘ಬೆರಿಲ್’ ಚಂಡಮಾರುತ ನುಗ್ಗಿ ಬಂದು ವಿಮಾನ ನಿಲ್ದಾಣ ಮುಚ್ಚಿತು, ಆಟಗಾರರು ಹೋಟೆಲಿನೊಳಗೇ ಉಳಿಯಬೇಕಾಯಿತು. ವಿಶೇಷ ವಿಮಾನ ಕಳಿಸಿ ಕರೆತಂದಾಗ ಅವರು ದೆಹಲಿಯಲ್ಲಿ ಇಳಿದದ್ದು ಜುಲೈ 4ಕ್ಕೆ. ಅಟ್ಲಾಂಟಿಕ್‌ನಲ್ಲಿ ವರ್ಷದಲ್ಲಿ ಅಷ್ಟು ಬೇಗನೆ ಅತಿ ತೀವ್ರವಾದ ಐದನೇ ದರ್ಜೆಗೆ ಏರಿದ ಚಂಡಮಾರುತ ದಾಖಲೆಯಲ್ಲಿ ಅದಕ್ಕೆ ಮುಂಚೆ ಇರಲಿಲ್ಲ.

ಅಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಅದರ ಜೋರು ಹೆಚ್ಚು. ಸೆಪ್ಟೆಂಬರಿನಲ್ಲಿ ಕೆರಿಬಿಯನ್ ರೆಸಾರ್ಟ್ ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗುವವರು ಈ ಕಾರಣವನ್ನು ಗಮನಿಸಬೇಕು. ಆ ತಿಂಗಳುಗಳಲ್ಲೇ ಹೋಗಲೇಬೇಕಾದರೆ ದಕ್ಷಿಣ ತುದಿಯ ಅರೂಬಾ, ಬೊನೇರ್, ಕ್ಯುರಸಾವ್ ನೋಡಬಹುದು. ಅವು ಚಂಡಮಾರುತಗಳ ಮಾಮೂಲಿ ಹಾದಿಗಿಂತ ಕೆಳಗಿವೆ, ಪೆಟ್ಟು ಬೀಳುವುದು ಅಪರೂಪ.

ಇನ್ನೊಂದು ವಿಷಯವನ್ನು ಬ್ರೋಷರ್‌ಗಳು ಹೇಳುವುದೇ ಇಲ್ಲ. 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದು ಕಡಲಪಾಚಿ ಅಟ್ಲಾಂಟಿಕ್‌ನಿಂದ ತೇಲಿಬಂದು, ಮುಖ್ಯವಾಗಿ ಅಲ್ಲಿನ ಬೇಸಿಗೆಯ ತಿಂಗಳುಗಳಲ್ಲಿ, ಕೆರಿಬಿಯನ್ ದಡಗಳ ಮೇಲೆ ರಾಶಿ ಬೀಳುತ್ತಿದೆ. ಕೊಳೆತಾಗ ಕೊಳೆತ ಮೊಟ್ಟೆಯ ವಾಸನೆ. ಮೆಕ್ಸಿಕೊದ ಕ್ಯಾನ್‌ಕುನ್ ಕಡೆಯ ದಡಕ್ಕೆ ಇದರ ಕಾಟ ಹೆಚ್ಚು. ನಮ್ಮ ಹಿರಿಯರು ಮಕ್ಕಳ ಮನೆಗೆ ಹೋಗುವುದು ಸಾಮಾನ್ಯವಾಗಿ ಮೇ ತಿಂಗಳಿಂದ ಸೆಪ್ಟೆಂಬರ್ ನಡುವೆ. ಪಾಚಿ, ಬಿರುಗಾಳಿ ಎರಡೂ ಆ ತಿಂಗಳುಗಳಲ್ಲೇ ಕಾಯುತ್ತಿರುತ್ತವೆ. ಮಕ್ಕಳು ಟಿಕೆಟ್ ತೆಗೆಸುವ ಮುಂಚೆ ಇದನ್ನೊಮ್ಮೆ ಕೇಳಿ.

ನಮ್ಮ ಕರಾವಳಿಗೂ ತನ್ನದೇ ಕಾಲವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೂ ದೋಣಿ ಹೋಗುವುದಿಲ್ಲ. ಭತ್ತ ಕೊಯ್ದು, ಮಾರಿ, ಕೈ ಬಿಡುವಾಗುವ ಜನವರಿ-ಫೆಬ್ರುವರಿಯೇ ನಮ್ಮ ಕಡಲಿಗೂ ಕೆರಿಬಿಯನ್‌ಗೂ ಒಳ್ಳೆಯ ಕಾಲ. ಸಿರುಗುಪ್ಪದ ರೈತನ ಮಟ್ಟಿಗೆ ಇದು ತಾನಾಗಿ ಒದಗಿದ ಅನುಕೂಲ. ಹೊಸ ವರ್ಷದ ವಾರ ಮಾತ್ರ ಬಿಡಿ. ಆಗ ಬೆಲೆ ನೆತ್ತಿಗೇರಿರುತ್ತದೆ.

ನಂಬಿಕೆ: ದ್ವೀಪ ಒಂದೇ ಅಂದಮೇಲೆ ಯಾವ ದಡವಾದರೂ ಒಂದೇ.

ಬಾರ್ಬಡೋಸ್‌ನ ಪಶ್ಚಿಮ ದಡದಲ್ಲಿ ಕಡಲು ಕೆರೆಯಷ್ಟು ಮೌನ. ಪೂರ್ವದ ಬಾತ್‌ಶೀಬಾದಲ್ಲಿ ಅಟ್ಲಾಂಟಿಕ್‌ನ ಅಲೆ ಬಂಡೆಗೆ ಅಪ್ಪಳಿಸುತ್ತದೆ. ಅಲ್ಲಿ ಅಲೆಯ ಮೇಲೆ ಜಾರುವ ಸರ್ಫರ್‌ಗಳಿಗೆ ಹಬ್ಬ, ಮಕ್ಕಳನ್ನು ನೀರಿಗಿಳಿಸುವವರಿಗೆ ಅಪಾಯ. ಬುಕಿಂಗ್ ಪುಟದಲ್ಲಿ ಎರಡೂ ‘ಬೀಚ್‌ಫ್ರಂಟ್ ರೆಸಾರ್ಟ್’ ಎಂದೇ ಇರುತ್ತವೆ. ನಕ್ಷೆ ತೆರೆದು ರೆಸಾರ್ಟ್ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ನೋಡಲು ಎರಡು ನಿಮಿಷ ಸಾಕು.

ನಮ್ಮಲ್ಲಿ ಬೇರೆ ತೊಡಕುಗಳಿವೆ. ಕಾಳಿ, ಅಘನಾಶಿನಿ, ಶರಾವತಿ ಕಡಲು ಸೇರುವ ಬಾಯಿಯ ಆಸುಪಾಸು ನೀರು ಮಣ್ಣಿನ ಬಣ್ಣಕ್ಕೆ ತಿರುಗುವುದು ಸಹಜ, ಅದು ಕೊಳಕಲ್ಲ. ಕಡಲ್ಕೊರೆತ ತಡೆಯಲು ಹಲವು ಕಡೆ ಬಂಡೆಗಲ್ಲುಗಳ ತಡೆಗೋಡೆ ಹಾಕಿದ್ದಾರೆ. ಅಂಥಲ್ಲಿ ರೆಸಾರ್ಟ್ ಕಡಲಿಗೆ ಅಂಟಿಕೊಂಡಿದ್ದರೂ ಕಾಲಿಡಲು ಮರಳಿರುವುದಿಲ್ಲ. ಇನ್ನು ‘ಸೀ ವ್ಯೂ’ ಕೋಣೆ ಎಂದರೆ ಕಡಲು ಕಾಣುತ್ತದೆ ಎಂದಷ್ಟೇ. ಕಡಲಿಗೂ ಕೋಣೆಗೂ ನಡುವೆ ಹೆದ್ದಾರಿಯೇ ಹಾದುಹೋಗಿರಬಹುದು. ಉಪಗ್ರಹ ಚಿತ್ರದಲ್ಲಿ ಇದೆಲ್ಲ ಕಾಣುತ್ತದೆ, ಕಾಣದ್ದನ್ನು ಫೋನು ಮಾಡಿ ಕೇಳಿ.

ಆ ಪಚ್ಚೆ ನೀಲಿಯೇ ಬೇಕು ಎನ್ನುವವರು ಅರ್ಧ ಭೂಮಿ ಸುತ್ತಬೇಕಿಲ್ಲ. ಹವಳದಿಂದಾದ ಬಿಳಿ ಮರಳು, ಮಣ್ಣು ತಂದು ಸುರಿಯುವ ದೊಡ್ಡ ನದಿ ಇಲ್ಲದಿರುವುದು, ಆಳವಿಲ್ಲದ ನೀರು ಸೇರಿದಾಗ ಆ ಬಣ್ಣ ಬರುತ್ತದೆ. ಈ ಮೂರೂ ಲಕ್ಷದ್ವೀಪದಲ್ಲಿವೆ. ಅಲ್ಲಿನ ಕಡ್ಮತ್ ದ್ವೀಪ 1956ಕ್ಕೆ ಮುಂಚೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿತ್ತು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಮರೆತೇ ಹೋಗಿದೆ. ಹೋಗಲು ಪ್ರವೇಶ ಪರವಾನಗಿ ಬೇಕು, ತಂಗುವ ಕೋಣೆಗಳು ಕಡಿಮೆ, ಆದ್ದರಿಂದ ತಿಂಗಳುಗಳ ಮುಂಚೆಯೇ ತಯಾರಿ ಮಾಡಿಕೊಳ್ಳಬೇಕು.

ನಂಬಿಕೆ: ಫೈವ್ ಸ್ಟಾರ್ ಎಂದರೆ ಮುಂದಿನ ಕಡಲೂ ಫೈವ್ ಸ್ಟಾರ್.

ನಮ್ಮ ದೇಶದಲ್ಲಿ ಹೋಟೆಲಿಗೆ ಸ್ಟಾರ್ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ. ಅರ್ಜಿ ಹಾಕುವುದು ಹೋಟೆಲಿನ ಇಚ್ಛೆಗೆ ಬಿಟ್ಟದ್ದು, ದರ್ಜೆಗೆ ಐದು ವರ್ಷದ ಅವಧಿ. ಒಂದರಿಂದ ಐದು, ಅದರ ಮೇಲೆ ಫೈವ್ ಸ್ಟಾರ್ ಡಿಲಕ್ಸ್. ‘ಸೆವೆನ್ ಸ್ಟಾರ್’ ಎಂಬ ದರ್ಜೆ ಈ ಪಟ್ಟಿಯಲ್ಲಿಲ್ಲ. ಬುಕಿಂಗ್ ಆ್ಯಪ್‌ನಲ್ಲಿ ಕಾಣುವ ಸ್ಟಾರ್ ಇದೇ ಸಮಿತಿಯದ್ದು ಎನ್ನುವ ಖಾತರಿಯೂ ಇಲ್ಲ. ಅಸಲಿ ಸ್ಟಾರ್ ಆದರೂ ಅದು ಅಳೆಯುವುದು ಕಟ್ಟಡ, ಕೋಣೆ, ಅಡುಗೆಮನೆ, ಸೇವೆಗಳನ್ನು. ಎದುರಿನ ನೀರನ್ನಲ್ಲ.

ನೀರು, ಮರಳು, ಸುರಕ್ಷತೆ ನೋಡಿ ಕೊಡುವ ಗುರುತು ಬೇರೆ: ಬ್ಲೂ ಫ್ಲ್ಯಾಗ್. ಡೆನ್ಮಾರ್ಕ್‌ನಲ್ಲಿ ನೆಲೆಯಿರುವ ಸಂಸ್ಥೆಯೊಂದು 33 ಮಾನದಂಡಗಳನ್ನು ಪರೀಕ್ಷಿಸಿ ಕೊಡುತ್ತದೆ. 2020ರ ಅಕ್ಟೋಬರಿನಲ್ಲಿ ಭಾರತದ ಎಂಟು ಕಡಲತೀರಗಳು ಮೊದಲ ಸಲ ಇದನ್ನು ಪಡೆದಾಗ ಎರಡು ನಮ್ಮವೇ ಆಗಿದ್ದವು. ಹೊನ್ನಾವರದ ಬಳಿಯ ಕಾಸರಕೋಡು ಒಂದು, ಉಡುಪಿ ಜಿಲ್ಲೆಯ ಪಡುಬಿದ್ರಿ ಇನ್ನೊಂದು. ಎರಡೂ ಸಾರ್ವಜನಿಕ ತೀರಗಳು. ಸಾಮಾನ್ಯ ಲಾಡ್ಜಿನಲ್ಲಿ ತಂಗಿದವರಿಗೂ ಅದೇ ನೀರು. ಬ್ಲೂ ಫ್ಲ್ಯಾಗ್ ವರ್ಷವರ್ಷ ನವೀಕರಣವಾಗಬೇಕು, ಹಾಗಾಗಿ ಹೋಗುವ ವರ್ಷದ ಪಟ್ಟಿ ನೋಡಿ.

ನಂಬಿಕೆ: ರೆಸಾರ್ಟಿಗೆ ಸ್ವಂತ ಬೀಚ್ ಇರುತ್ತದೆ.

ಭಾರತದಲ್ಲಿ ಇಲ್ಲ. ಉಬ್ಬರದ ಗೆರೆಯಿಂದ ಇಳಿತದ ಗೆರೆಯವರೆಗಿನ ನೆಲ ಯಾವ ಹೋಟೆಲಿನದ್ದೂ ಅಲ್ಲ. ಜನ ಕಡಲಿಗೆ ಹೋಗಲು ಎರಡು ರೆಸಾರ್ಟ್‌ಗಳ ನಡುವೆ ಕನಿಷ್ಠ 20 ಮೀಟರ್ ದಾರಿ ಬಿಡಬೇಕೆಂದು 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯೇ ಹೇಳಿತ್ತು. ‘ಪ್ರೈವೇಟ್ ಬೀಚ್’ ಎಂದು ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ. ಬಾರ್ಬಡೋಸ್‌ನಲ್ಲೂ ಕಡಲತೀರವೆಲ್ಲ ಸಾರ್ವಜನಿಕ. ಜಮೈಕಾದ ಕಥೆ ಬೇರೆ. ಅಲ್ಲಿ 1956ರ ಕಾಯ್ದೆಯಡಿ ಜನಸಾಮಾನ್ಯರಿಗೆ ದಡದ ಮೇಲೆ ಸಹಜ ಹಕ್ಕಿಲ್ಲ, ಸ್ಥಳೀಯರು ಇಂದಿಗೂ ಅದರ ವಿರುದ್ಧ ದನಿ ಎತ್ತುತ್ತಿದ್ದಾರೆ. ಬೆಸ್ತರನ್ನು ಅವರದೇ ದಡದಿಂದ ದೂರವಿಟ್ಟು ಅತಿಥಿಗೆ ಹಾಸುವ ಏಕಾಂತವನ್ನು ನಾನು ಐಷಾರಾಮ ಎಂದು ಕರೆಯಲಾರೆ.

ನಂಬಿಕೆ: ‘ಎಲ್ಲ ಸೇರಿದೆ’ ಎಂದರೆ ಎಲ್ಲವೂ ಸೇರಿದೆ.

ಕೆರಿಬಿಯನ್‌ನಲ್ಲಿ ‘ಆಲ್ ಇನ್‌ಕ್ಲೂಸಿವ್’ ಪದ್ಧತಿ ಬಲವಾಗಿ ಬೇರೂರಿದೆ: ಕೋಣೆ, ಊಟ, ಪಾನೀಯ ಒಂದೇ ಬಿಲ್ಲಿನಲ್ಲಿ. ಮದ್ಯ ಮುಟ್ಟದ ದಂಪತಿ ಇತರರ ಮದ್ಯದ ಲೆಕ್ಕವನ್ನೂ ಕಟ್ಟಿದಂತಾಗುತ್ತದೆ. ನಮ್ಮಲ್ಲಿ ಕೋಣೆಯ ಜೊತೆ ಇಂಗ್ಲಿಷ್ ಅಕ್ಷರಗಳಿರುತ್ತವೆ. ಇಪಿ ಎಂದರೆ ಬರೀ ಕೋಣೆ, ಸಿಪಿ ಎಂದರೆ ಬೆಳಗಿನ ತಿಂಡಿಯೂ ಉಂಟು, ಎಂಎಪಿ ಎಂದರೆ ತಿಂಡಿ ಮತ್ತು ಒಂದು ಊಟ, ಎಪಿ ಎಂದರೆ ಮೂರೂ ಹೊತ್ತು. ತೆರಿಗೆಯ ಲೆಕ್ಕವನ್ನೂ ಹಾಕಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ವರೆಗಿನ ಕೋಣೆಗೆ ಶೇ 5 ಜಿಎಸ್‌ಟಿ, ಅದಕ್ಕಿಂತ ಮೇಲಾದರೆ ಶೇ 18. ಅಂದರೆ ₹7,500ರ ಕೋಣೆಗೆ ಕೊಡಬೇಕಾದದ್ದು ₹7,875, ₹8,000ದ ಕೋಣೆಗೆ ₹9,440. ಐನೂರರ ವ್ಯತ್ಯಾಸ ಸಾವಿರದೈನೂರು ದಾಟುತ್ತದೆ.

ಸಸ್ಯಾಹಾರಿಗಳಿಗೆ ಕೆರಿಬಿಯನ್ ಕಡೆ ಉಪವಾಸವೇ ಗತಿ ಎಂಬ ಭಯವೂ ಪೂರ್ತಿ ನಿಜವಲ್ಲ. 1845ರ ಮೇ 30ರಂದು ಭಾರತದ ಕೂಲಿಯಾಳುಗಳ ಮೊದಲ ಹಡಗು ಟ್ರಿನಿಡಾಡ್ ಮುಟ್ಟಿತು. ಅವರ ಸಂತತಿಯಿಂದಾಗಿ ಅಲ್ಲಿ ಬೀದಿಬೀದಿಯಲ್ಲಿ ಕಡಲೆ ಪಲ್ಯ ಸುತ್ತಿದ ‘ಡಬಲ್ಸ್’, ಬೇಳೆ ತುಂಬಿದ ರೊಟ್ಟಿ ಸಿಗುತ್ತವೆ. ಜಮೈಕಾದ ರಾಸ್ತಾಫಾರಿಗಳ ‘ಐಟಲ್’ ಅಡುಗೆಯಲ್ಲಿ ಮಾಂಸ ಹಾಕುವುದಿಲ್ಲ. ಮೆಕ್ಸಿಕೊದಲ್ಲಿ ಎಚ್ಚರ ಬೇಕು. ಅಲ್ಲಿ ಅರೆದ ಬೀನ್ಸ್ ಕಾಳನ್ನು ಹಂದಿ ಕೊಬ್ಬಿನಲ್ಲಿ ಹುರಿಯುವ ರೂಢಿ ಇದೆ, ಆರ್ಡರ್ ಮಾಡುವಾಗ ಕೇಳಬೇಕು.

ನಂಬಿಕೆ: ವೀಸಾ ಬೇಡದ ದೇಶ ಎಂದರೆ ನೇರ ಹೊರಡಬಹುದು.

ಬಾರ್ಬಡೋಸ್, ಜಮೈಕಾಗಳಿಗೆ ಭಾರತೀಯ ಪ್ರವಾಸಿಗರಿಗೆ ವೀಸಾ ಬೇಡ. ಆದರೆ ಭಾರತದಿಂದ ನೇರ ವಿಮಾನವೂ ಇಲ್ಲ. ಅಮೆರಿಕದಲ್ಲಿ ವಿಮಾನ ಬದಲಿಸುವುದಷ್ಟೇ ಆದರೂ ಅಮೆರಿಕದ ವೀಸಾ ಬೇಕೇ ಬೇಕು. ಈಗಾಗಲೇ ಅಮೆರಿಕದ ವೀಸಾ ಇರುವ ಹಿರಿಯರಿಗೆ ಮೆಕ್ಸಿಕೊ ಪ್ರತ್ಯೇಕ ವೀಸಾ ಕೇಳುವುದಿಲ್ಲ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಸುವ ದಿನ ಮತ್ತೊಮ್ಮೆ ನೋಡಿಕೊಳ್ಳಿ.

ನಂಬಿಕೆ: ಹೊಳೆಯಲ್ಲಿ ಈಜಿದವನಿಗೆ ಕಡಲೇನು ಮಹಾ?

ಇಷ್ಟು ಹೊತ್ತು ಹೇಳಿದ್ದು ದುಡ್ಡಿನ ಮಾತು. ಇದು ಜೀವದ ಮಾತು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಕಡಲುಪಾಲಾದರು. ಅದು ಮಳೆಗಾಲವಾಗಿರಲಿಲ್ಲ. ನಮ್ಮಂಥ ಬಯಲುಸೀಮೆಯವರು ಕಡಲಿಗೆ ಹೋಗುವ, ನಾನೇ ಮೇಲೆ ಒಳ್ಳೆಯದೆಂದ ಕಾಲದಲ್ಲೇ ಅದು ನಡೆದದ್ದು.

ತುಂಗಭದ್ರೆಯ ಸೆಳವು ಒಂದೇ ದಿಕ್ಕಿಗೆ. ಎಲ್ಲಿ ಮಡು, ಎಲ್ಲಿ ಸುಳಿ ಎಂದು ಊರಿನವರಿಗೆ ಗೊತ್ತಿರುತ್ತದೆ. ಕಡಲಿನ ಸೆಳವು ಹಾಗಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸು ಹೋಗಲೇಬೇಕಲ್ಲ, ಮರಳಿನಲ್ಲಿ ತಗ್ಗು ಸಿಕ್ಕ ಕಡೆ ಕಾಲುವೆ ಮಾಡಿಕೊಂಡು ಅದು ರಭಸದಿಂದ ಹೊರಕ್ಕೆ ಹರಿಯುತ್ತದೆ. ದಡದಲ್ಲಿ ನಿಂತು ನೋಡಿ: ಎರಡು ಕಡೆ ಬಿಳಿ ನೊರೆಯ ಅಲೆ ಮುರಿಯುತ್ತಿರುತ್ತದೆ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆಯಿಲ್ಲ. ಅಲ್ಲಿ ನೀರು ತುಸು ಕಪ್ಪಾಗಿ, ಇಲ್ಲವೆ ಮರಳು ಕದಡಿದಂತೆ ಕಾಣುತ್ತದೆ, ನೊರೆ ಕಡಲ ಕಡೆಗೆ ಸಾಗುತ್ತಿರುತ್ತದೆ. ಅಲೆಯಿಲ್ಲವಲ್ಲ ಎಂದು ಮಕ್ಕಳನ್ನು ಕರೆದುಕೊಂಡು ಜನ ಇಳಿಯುವುದು ಅದೇ ಪಟ್ಟಿಗೆ. ಇಡೀ ದಡದಲ್ಲಿ ಅತಿ ಅಪಾಯದ ಜಾಗ ಅದು.

ಈ ಸೆಳವು ಆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಸಾಯುವವರು ಹೆಚ್ಚಾಗಿ ದಡದ ಕಡೆಗೆ ಎದುರೀಜಿ ಸುಸ್ತಾಗಿ ಮುಳುಗಿದವರು. ಎಂಥ ಈಜುಗಾರನೂ ಅದಕ್ಕೆ ಎದುರೀಜಿ ಗೆಲ್ಲುವುದು ಕಷ್ಟ. ಸಿಕ್ಕಿಕೊಂಡರೆ ಮೊದಲು ಅಂಗಾತ ತೇಲಿ ಉಸಿರು ಹಿಡಿತಕ್ಕೆ ತಂದುಕೊಳ್ಳಬೇಕು. ಉಪ್ಪುನೀರು ಹೊಳೆಯ ನೀರಿಗಿಂತ ಚೆನ್ನಾಗಿ ತೇಲಿಸುತ್ತದೆ. ಆಮೇಲೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಪಟ್ಟಿ ದಾಟಿದ ಮೇಲೆ ಅಲೆಗಳೇ ದಡಕ್ಕೆ ತಳ್ಳಲು ನೆರವಾಗುತ್ತವೆ. ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಬೇಕು.

ಆದ್ದರಿಂದ ಕೋಣೆ ಗೊತ್ತು ಮಾಡುವ ಫೋನಿನಲ್ಲೇ ಕೇಳಿ: ನಿಮ್ಮ ಎದುರಿನ ದಡದಲ್ಲಿ ಲೈಫ್‌ಗಾರ್ಡ್ ಇದ್ದಾರೆಯೇ, ಎಷ್ಟು ಗಂಟೆಯವರೆಗೆ? ರೆಸಾರ್ಟಿನ ಈಜುಕೊಳದ ಉದ್ದಗಲಕ್ಕಿಂತ ಈ ಉತ್ತರ ಮುಖ್ಯ. ಲೈಫ್‌ಗಾರ್ಡ್ ಇಲ್ಲ ಎಂದರೆ, ಅದೆಷ್ಟೇ ಸ್ಟಾರ್ ಇದ್ದರೂ ಮಕ್ಕಳಿರುವ ಮನೆಯವರು ಆ ರೆಸಾರ್ಟ್ ಬಿಡುವುದೇ ಸರಿ. ಇದ್ದ ಕಡೆ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ, ಬರೀ ಕೆಂಪು ಹಾರುತ್ತಿದ್ದರೆ ಮರಳಿನ ಮೇಲೆಯೇ ಇರಿ. ಯಾರಾದರೂ ಸೆಳವಿಗೆ ಸಿಕ್ಕರೆ ಹಿಂದೆ ಧುಮುಕಬೇಡಿ. ತೇಲುವ ಟ್ಯೂಬು, ಖಾಲಿ ಕ್ಯಾನು, ಹಗ್ಗ, ಕೈಗೆ ಸಿಕ್ಕಿದ್ದನ್ನು ಎಸೆಯಿರಿ, ಲೈಫ್‌ಗಾರ್ಡನ್ನು ಕೂಗಿ, ಭಾರತದಲ್ಲಾದರೆ 112ಕ್ಕೆ ಕರೆ ಮಾಡಿ.