ಎರೆಹೊಲದ ಅಡಿಯಲ್ಲಿ ಉಕ್ಕಿನ ದಾರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಬಂಕುಗಳಿಗೆ ಡೀಸೆಲ್ ಬರುವುದು ಟ್ಯಾಂಕರ್ ಲಾರಿಯಲ್ಲಿ. ಅದೇ ಡೀಸೆಲ್ ಇನ್ನೂ ಕಚ್ಚಾ ತೈಲವಾಗಿದ್ದಾಗ ಸಾಗಿ ಬಂದದ್ದು ಹಡಗಿನಲ್ಲಿ, ಕೊಳವೆಯಲ್ಲಿ. ಕಚ್ಚಾ ತೈಲದ ಕೊಳವೆ ಘಟ್ಟ ಹತ್ತಿ ನಮ್ಮ ಕಡೆಗೆ ಬಂದಿಲ್ಲ. ಬಂದಿರುವುದು ಅದರ ಸೋದರ ಸಂಬಂಧಿ: ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಹೋಗುವ, ಸುಮಾರು 1000 ಕಿ.ಮೀ. ಉದ್ದದ ನೈಸರ್ಗಿಕ ಅನಿಲದ ಪೈಪ್‌ಲೈನ್. 2013ರಲ್ಲಿ ಚಾಲೂ ಆದ ಗೇಲ್ ಸಂಸ್ಥೆಯ ಈ ಮಾರ್ಗ ಬೆಳಗಾವಿ, ಧಾರವಾಡ, ಗದಗ ಜಿಲ್ಲೆಗಳನ್ನು ಹಾದು ಹೋಗುತ್ತದೆ. ಒಳಗೆ ಹರಿಯುವುದು ಎಣ್ಣೆಯೇ ಇರಲಿ, ಅನಿಲವೇ ಇರಲಿ, ನೆಲದಡಿಯ ಉಕ್ಕನ್ನು ಕಾಯುವ ವಿಜ್ಞಾನ ಬಹುಪಾಲು ಒಂದೇ. ಆ ವಿಜ್ಞಾನ ಎಂಜಿನಿಯರರಿಗಷ್ಟೇ ಗೊತ್ತಿದ್ದರೆ ಸಾಲದು, ಮೇಲೆ ಬೇಸಾಯ ಮಾಡುವವರಿಗೂ ಗೊತ್ತಿರಬೇಕು.

ನಮ್ಮ ರಾಜ್ಯದಲ್ಲಿ ಕಚ್ಚಾ ತೈಲದ ಕೊಳವೆ ನೋಡಬೇಕಾದರೆ ಮಂಗಳೂರಿಗೆ ಹೋಗಬೇಕು. ಅಲ್ಲಿನ ಎಂಆರ್‌ಪಿಎಲ್ ಕಾರ್ಖಾನೆ ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸಬಲ್ಲದು. ಬಲು ದೊಡ್ಡ ತೈಲ ಹಡಗುಗಳಿಗೆ ಬಂದರಿನ ಆಳ ಸಾಲುವುದಿಲ್ಲ. ಅವು ದೂರದ ಕಡಲಿನಲ್ಲೇ ಒಂದು ತೇಲುವ ಬುರುಡೆಗೆ ಕಟ್ಟಿಕೊಂಡು ನಿಲ್ಲುತ್ತವೆ. ಅಲ್ಲಿಂದ ಸಮುದ್ರತಳದ ಕೊಳವೆಯಲ್ಲಿ ಎಣ್ಣೆ ದಡ ಸೇರುತ್ತದೆ. ದೇಶದ ಆಪತ್ಕಾಲಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಸುವ ಗುಹೆಗಳನ್ನು ನೆಲದಡಿಯ ಬಂಡೆಯಲ್ಲಿ ಕೊರೆದಿದ್ದಾರೆ. ಪಾದೂರಿಗೂ ಎಣ್ಣೆ ಹೋಗುವುದು ಕೊಳವೆಯಲ್ಲೇ.

ಕೊಳವೆಯಲ್ಲಿ ಎಣ್ಣೆಯನ್ನು ಓಡಿಸುವುದು ಒತ್ತಡ. ಪಂಪು ಒಂದು ತುದಿಯಲ್ಲಿ ಒತ್ತುತ್ತದೆ; ಮುಂದೆ ಹೋದಂತೆ ಗೋಡೆಯ ಘರ್ಷಣೆ ಆ ಒತ್ತಡವನ್ನು ತಿನ್ನುತ್ತಾ ಬರುತ್ತದೆ. ಹಾಗಾಗಿ ಉದ್ದದ ಮಾರ್ಗದಲ್ಲಿ ನಡುನಡುವೆ ಪಂಪಿಂಗ್ ಸ್ಟೇಷನ್‌ಗಳು ಬೇಕು. ಸವದತ್ತಿಯ ಮಲಪ್ರಭಾ ಜಲಾಶಯದ ನೀರನ್ನು ಹುಬ್ಬಳ್ಳಿ-ಧಾರವಾಡಕ್ಕೆ ಮುಟ್ಟಿಸುವುದೂ ಇದೇ ತತ್ವ. ಆದರೆ ಎಣ್ಣೆ ನೀರಿಗಿಂತ ಮಂದ. ಅದು ಸಾಗುವುದು ಹೆಚ್ಚುಕಡಿಮೆ ಮನುಷ್ಯ ನಡೆಯುವ ವೇಗದಲ್ಲಿ. ಆದರೂ ಹಗಲು ರಾತ್ರಿ ನಿಲ್ಲದೆ ಹರಿಯುವುದರಿಂದ ಸಾವಿರಾರು ಲಾರಿಗಳ ಕೆಲಸವನ್ನು ಒಂದೇ ಕೊಳವೆ ಮಾಡುತ್ತದೆ.

ಎಲ್ಲ ಕಚ್ಚಾ ತೈಲವೂ ಸಲೀಸಾಗಿ ಹರಿಯುವುದಿಲ್ಲ. ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ 2004ರಲ್ಲಿ ಸಿಕ್ಕ ಮಂಗಲಾ ನಿಕ್ಷೇಪದ ತೈಲದಲ್ಲಿ ಮೇಣ ಹೆಚ್ಚು. ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವಂತೆ ಅದು 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಅದನ್ನು ಗುಜರಾತಿನ ಕರಾವಳಿಗೆ ಒಯ್ಯುವ ಸುಮಾರು 670 ಕಿ.ಮೀ. ಕೊಳವೆಯನ್ನು ಉದ್ದಕ್ಕೂ ವಿದ್ಯುತ್ತಿನಿಂದ ಬಿಸಿಯಾಗಿಡುತ್ತಾರೆ, ಶಾಖ ಸೋರದಂತೆ ಹೊದಿಕೆ ಹಾಕುತ್ತಾರೆ. ಅಸ್ಸಾಮಿನ ತೈಲದಲ್ಲೂ ಮೇಣವಿದೆ. ಅಲ್ಲಿ ಅದನ್ನು ಮೊದಲು ಕಾಯಿಸಿ, ಹದವಾಗಿ ತಣಿಸಿ, ಮೇಣದ ಹರಳುಗಳು ಒಂದಕ್ಕೊಂದು ಹೆಣೆದುಕೊಳ್ಳದಂತೆ ಮಾಡಿ ಕಳುಹಿಸುವ ವಿಧಾನ ಬಳಸಿದರು.

ಹರಿಯುವಾಗಲೂ ಮೇಣ ಗೋಡೆಗೆ ಮೆತ್ತಿಕೊಳ್ಳುತ್ತದೆ, ತೈಲದಲ್ಲಿದ್ದ ನೀರು ತಗ್ಗಿನಲ್ಲಿ ನಿಲ್ಲುತ್ತದೆ. ನೀರು ನಿಂತ ಕಡೆ ಉಕ್ಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಇದಕ್ಕೆ ಮದ್ದು ‘ಪಿಗ್’ ಎಂಬ ಯಂತ್ರ. ಕೊಳವೆಯ ಬಾಯಿಗೆ ಸರಿಯಾಗಿ ಕೂರುವ ಬಿಲ್ಲೆಗಳೂ ಬ್ರಷ್ಷುಗಳೂ ಇರುವ ಇದಕ್ಕೆ ಎಂಜಿನ್ ಬೇಕಿಲ್ಲ. ಹಿಂದಿನಿಂದ ಒತ್ತುವ ಎಣ್ಣೆಯೇ ಅದನ್ನು ತಳ್ಳುತ್ತದೆ. ಒಂದು ಸ್ಟೇಷನ್ನಿನಲ್ಲಿ ಒಳಗೆ ಬಿಟ್ಟರೆ ಗೋಡೆ ಕೆರೆಯುತ್ತಾ, ನೀರು ಕೊಚ್ಚೆಯನ್ನು ಮುಂದೆ ನೂಕುತ್ತಾ ಇನ್ನೊಂದು ಸ್ಟೇಷನ್ನಿಗೆ ಬಂದು ಮುಟ್ಟುತ್ತದೆ. ಇದರ ಬುದ್ಧಿವಂತ ರೂಪವೂ ಇದೆ. ಅದರಲ್ಲಿ ಬಲವಾದ ಅಯಸ್ಕಾಂತಗಳಿರುತ್ತವೆ. ಗೋಡೆ ಸವೆದು ತೆಳುವಾದಲ್ಲಿ ಕಾಂತಕ್ಷೇತ್ರ ಹೊರಗೆ ಸೋರುತ್ತದೆ. ಸಂವೇದಕಗಳು ಆ ಸೋರಿಕೆಯನ್ನು ಗುರುತಿಸುತ್ತವೆ, ಚಕ್ರಗಳು ದೂರ ಅಳೆಯುತ್ತವೆ. ನೆಲ ಅಗೆಯದೆಯೇ ಯಾವ ಜಾಗದಲ್ಲಿ ಉಕ್ಕು ಸವೆದಿದೆ ಎಂದು ತಿಳಿಯುತ್ತದೆ.

ಹೊರಗಿನ ಶತ್ರು ಮಣ್ಣು. ಸವದತ್ತಿ, ಬೈಲಹೊಂಗಲ, ರಾಮದುರ್ಗದ ಎರೆಮಣ್ಣು ಜೋಳಕ್ಕೆ, ಕಡಲೆಗೆ ವರ. ಉಕ್ಕಿನ ಕೊಳವೆಗೆ ಕಠಿಣ ಪರೀಕ್ಷೆ. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹಸಿಯನ್ನು ಬಹುಕಾಲ ಹಿಡಿದಿಡುತ್ತದೆ. ಹಸಿ ಎರೆಯಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ತುಕ್ಕು ಎಂದರೆ ಲೋಹದಿಂದ ಎಲೆಕ್ಟ್ರಾನುಗಳು ಕಳೆದುಹೋಗುವ ಕ್ರಿಯೆಯಾದ್ದರಿಂದ, ಇಂಥ ಮಣ್ಣಿನಲ್ಲಿ ಅದಕ್ಕೆ ದಾರಿ ಸಲೀಸು. ಮೊದಲ ರಕ್ಷಣೆ ಪಾಲಿಎಥಿಲೀನ್ ಹೊದಿಕೆ. ಹೊದಿಕೆ ಗೀರಿದಲ್ಲಿ ಎರಡನೆಯದು ಕೆಲಸ ಮಾಡುತ್ತದೆ: ಕೊಳವೆಗೆ ಹೊರಗಿನಿಂದ ಸಣ್ಣ ನೇರ ವಿದ್ಯುತ್ ಕೊಟ್ಟು ಎಲೆಕ್ಟ್ರಾನುಗಳ ಕೊರತೆಯಾಗದಂತೆ ನೋಡಿಕೊಳ್ಳುತ್ತಾರೆ. ಇದಕ್ಕೆ ಕ್ಯಾಥೋಡಿಕ್ ರಕ್ಷಣೆ ಎಂದು ಹೆಸರು. ತಾಮ್ರ-ತಾಮ್ರದ ಸಲ್ಫೇಟ್ ವಿದ್ಯುದ್ವಾರಕ್ಕೆ ಹೋಲಿಸಿದರೆ ಕೊಳವೆಯ ವೋಲ್ಟೇಜು ಮೈನಸ್ 0.85 ವೋಲ್ಟ್ ಅಥವಾ ಅದಕ್ಕಿಂತ ಕೆಳಗಿರಬೇಕು. ಮಾರ್ಗದುದ್ದಕ್ಕೂ ನಿಲ್ಲಿಸಿರುವ ಕೆಲವು ಕಂಬಗಳು ಇದನ್ನು ಅಳೆಯಲೆಂದೇ ಇವೆ.

ಒಳಗಾಗಲಿ ಹೊರಗಾಗಲಿ ಕಾವಲು ತಪ್ಪಿದರೆ ಏನಾಗುತ್ತದೆ ಎಂಬುದನ್ನು 2014ರ ಜೂನ್ 27ರಂದು ಆಂಧ್ರದ ನಗರಂ ಗ್ರಾಮ ಅನುಭವಿಸಿತು. ನೀರಿನಂಶವಿದ್ದ ಅನಿಲ ಕೊಳವೆಯನ್ನು ಒಳಗಿಂದ ಕೊರೆದಿತ್ತು. ಸೋರಿದ ಅನಿಲಕ್ಕೆ ಬೆಂಕಿ ತಗುಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಕೊಳವೆ ಹಾಕಿದವರ ಜವಾಬ್ದಾರಿ ಮಣ್ಣು ಮುಚ್ಚಿದ ದಿನಕ್ಕೆ ಮುಗಿಯುವುದಿಲ್ಲ.

ಹೊಲದವರ ಪಾತ್ರವೂ ಇದೆ. ಕಚ್ಚಾ ತೈಲವನ್ನು ಅಸ್ಸಾಮಿನಿಂದ ಬಿಹಾರದ ಬರೌನಿಗೆ ಒಯ್ಯುವ ಕೊಳವೆ ಹಾಕುತ್ತಿದ್ದ ಕಾಲದಲ್ಲಿ, 1962ರಲ್ಲಿ, ಕೇಂದ್ರ ಸರ್ಕಾರ ಒಂದು ಕಾಯ್ದೆ ತಂದಿತು. ಇಂದಿಗೂ ಎಣ್ಣೆ, ಅನಿಲದ ಕೊಳವೆಗಳಿಗೆ ಅದೇ ಆಧಾರ. ಅದರಂತೆ ಜಮೀನು ರೈತನದೇ ಆಗಿ ಉಳಿಯುತ್ತದೆ. ಸರ್ಕಾರ ಪಡೆಯುವುದು ಬಳಕೆಯ ಹಕ್ಕು ಮಾತ್ರ. ಅದಕ್ಕೆ ಮಾರುಕಟ್ಟೆ ಬೆಲೆಯ ಶೇ. 10ರಷ್ಟು ಪರಿಹಾರ, ಬೆಳೆನಷ್ಟಕ್ಕೆ ಬೇರೆ. ಬಿತ್ತಬಹುದು, ಬೆಳೆಯಬಹುದು. ಆದರೆ ಕೊಳವೆ ಹಾದುಹೋದ ನೆಲದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ಅಥವಾ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಮರದ ಬೇರು ಹೊದಿಕೆಯನ್ನು ಹರಿಯುತ್ತದೆ. ಜೆಸಿಬಿಯ ಹಲ್ಲು ಉಕ್ಕನ್ನೇ ಗೀರುತ್ತದೆ. ಅಂದು ಸೋರದ ಗೀರು ವರ್ಷಗಳ ನಂತರ ಬಾಯಿಬಿಡಬಹುದು. ಶೇ. 10ರ ಪರಿಹಾರ ಇಷ್ಟೆಲ್ಲ ಕಟ್ಟುಪಾಡಿಗೆ ಕಡಿಮೆಯೇ ಎಂಬ ರೈತರ ಮಾತಿನಲ್ಲಿ ನ್ಯಾಯವಿದೆ, ಅದನ್ನು ಕೇಳುವ ಹಕ್ಕೂ ಅವರಿಗಿದೆ.

ನಿಮ್ಮ ಹೊಲದಲ್ಲೋ ಪಕ್ಕದ ಹೊಲದಲ್ಲೋ ಪೈಪ್‌ಲೈನಿನ ಗುರುತುಕಂಬ ಇದ್ದರೆ, ಕೃಷಿಹೊಂಡ ತೋಡಿಸುವ, ಬೋರ್‌ವೆಲ್ ಕೊರೆಸುವ ಮೊದಲು ಅದರ ಮೇಲಿನ ನಂಬರಿಗೆ ಒಂದು ಫೋನ್ ಮಾಡಿ. ಕೊಳವೆ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಅವರೇ ಬಂದು ತೋರಿಸಲಿ. ಅಲ್ಲಿಯವರೆಗೆ ಜೆಸಿಬಿ ಬದುವಿನ ಮೇಲೇ ನಿಂತಿರಲಿ.