ಟಿಶ್ಯೂ ಕಲ್ಚರ್ ಔಷಧಿ ಸಸಿ: ಅದರ ‘ಹಾರ್ಮೋನು’ ಹಾಲಿಗೆ ಬರುತ್ತದೆಯೇ?



ಕೆಚ್ಚಲು ಬಾವಿಗೆ ಲೋಳೆಸರದ ಲೇಪ ಮಾಡುವುದನ್ನು ಸಂಘದ ಸಭೆಗಳಲ್ಲಿ ಹೇಳಿಕೊಡುವಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. “ಡಾಕ್ಟ್ರೇ, ನರ್ಸರಿಯಲ್ಲಿ ಟಿಶ್ಯೂ ಕಲ್ಚರ್ ಲೋಳೆಸರ, ಶತಾವರಿ ಸಸಿ ಮಾರುತ್ತಾರೆ. ಹಾರ್ಮೋನು ಹಾಕಿ ಬೆಳೆಸಿರುತ್ತಾರಂತೆ. ಹಸುವಿಗೆ ಬಳಸಿದರೆ ಹಾಲು ಕೆಡುವುದಿಲ್ಲವೇ?” ಹಾಲು ಮಕ್ಕಳ ಬಾಯಿಗೆ ಹೋಗುವ ಪದಾರ್ಥ, ಕೇಳಲೇಬೇಕಾದ ಪ್ರಶ್ನೆ ಇದು. ಆ ಹಾರ್ಮೋನು ಏನು, ಎಷ್ಟು, ಏಕೆ ಎಂದು ತಿಳಿದರೆ ಭಯವೂ ಹೋಗುತ್ತದೆ, ಅನಗತ್ಯ ಖರ್ಚೂ ತಪ್ಪುತ್ತದೆ.

ಬಾಟಲಿಯೊಳಗೆ ಏನು ನಡೆಯುತ್ತದೆ?

ಟಿಶ್ಯೂ ಕಲ್ಚರ್ ಬಾಳೆಯನ್ನು ನೀವೆಲ್ಲ ನೋಡಿದ್ದೀರಿ. ಔಷಧಿ ಗಿಡಕ್ಕೂ ಅದೇ ಕ್ರಮ. ಒಳ್ಳೆಯ ತಾಯಿ ಗಿಡದ ಕುಡಿಯನ್ನು ಕತ್ತರಿಸಿ, ಸೋಂಕು ತೆಗೆಯುವ ದ್ರಾವಣದಲ್ಲಿ ತೊಳೆದು, ಗಾಜಿನ ಬಾಟಲಿಯಲ್ಲಿ ಇಡುತ್ತಾರೆ. ಬಾಟಲಿಯಲ್ಲಿ ಲವಣ, ಸಕ್ಕರೆ, ವಿಟಮಿನ್ ಬೆರೆಸಿದ ಆಹಾರವಿರುತ್ತದೆ. ಸಮುದ್ರದ ಪಾಚಿಯಿಂದ ತೆಗೆದ ಅಗರ್ ಹಾಕಿ ಅದನ್ನು ಜೆಲ್ಲಿಯಂತೆ ಗಟ್ಟಿ ಮಾಡಿರುತ್ತಾರೆ.

ಒಂದು ಚಮಚ ಮೊಸರು ಪಾತ್ರೆಯ ಹಾಲನ್ನೆಲ್ಲ ಹೆಪ್ಪುಗಟ್ಟಿಸುವಂತೆ, ಒಂದು ಸೂಕ್ಷ್ಮಾಣು ಒಳಹೊಕ್ಕರೂ ಆ ಬಾಟಲಿ ಹಾಳು. ಅದಕ್ಕಾಗಿ ಆಹಾರವನ್ನು ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ನಿಮ್ಮ ಅಡುಗೆಮನೆಯ ಕುಕ್ಕರ್ ಕೆಲಸ ಮಾಡುವುದೂ ಹೀಗೆಯೇ.

ಹಾರ್ಮೋನಿನ ಕೆಲಸ

ಕುಡಿ ಚಿಗುರಬೇಕೋ ಬೇರು ಬಿಡಬೇಕೋ ಎಂಬುದನ್ನು ನಿರ್ಧರಿಸಲು ಎರಡು ಬಗೆಯ ಬೆಳವಣಿಗೆ ನಿಯಂತ್ರಕಗಳನ್ನು ಬಳಸುತ್ತಾರೆ. ಸೈಟೋಕೈನಿನ್ ಹೆಚ್ಚಿದ್ದರೆ ಚಿಗುರು ಬರುತ್ತದೆ. ಆಕ್ಸಿನ್ ಹೆಚ್ಚಿದ್ದರೆ ಬೇರು ಬರುತ್ತದೆ. ಇದನ್ನು 1957ರಲ್ಲಿ ಅಮೆರಿಕದ ಸ್ಕೂಗ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು ತಂಬಾಕಿನ ಅಂಗಾಂಶದ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಮೊದಲು ಚಿಗುರಿನ ಬಾಟಲಿ, ಆಮೇಲೆ ಬೇರಿನ ಬಾಟಲಿ. ಹೀಗೆ ಒಂದು ಕುಡಿಯಿಂದ ನೂರಾರು ಸಸಿ ಮಾಡಬಹುದು.

ಇವು ಹೊರಗಿನ ವಿಷವಲ್ಲ. ಎಲ್ಲ ಗಿಡಗಳೂ ತಮ್ಮೊಳಗೆ ಸೈಟೋಕೈನಿನ್ ಮತ್ತು ಆಕ್ಸಿನ್ ತಯಾರಿಸಿಕೊಳ್ಳುತ್ತವೆ. ಎಳನೀರಿನಲ್ಲೂ ಸೈಟೋಕೈನಿನ್ ಇದೆ. ಪ್ರಯೋಗಾಲಯದಲ್ಲಿ ಹಾಕುವ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ ಒಂದೆರಡು ಮಿಲಿಗ್ರಾಂ. 40 ಲೀಟರಿನ 25 ಹಾಲಿನ ಕ್ಯಾನುಗಳಲ್ಲಿ ನೀರು ತುಂಬಿ, ಅಷ್ಟಕ್ಕೂ ಸೇರಿ 1 ಗ್ರಾಂ ಪುಡಿ ಬೆರೆಸಿದರೆ ಎಷ್ಟೋ, ಲೀಟರಿಗೆ 1 ಮಿಲಿಗ್ರಾಂ ಅಂದರೆ ಅಷ್ಟು.

ಬಾಟಲಿಯಿಂದ ತೆಗೆದಾಗ ಜೆಲ್ಲಿಯನ್ನು ತೊಳೆದು ಸಸಿಯನ್ನು ಮಣ್ಣಿಗೆ ಹಾಕುತ್ತಾರೆ. ನೀವು ತಿಂಗಳುಗಳ ನಂತರ ಕೊಯ್ಯುವ ಎಲೆ, ಕೀಳುವ ಬೇರು ಮಣ್ಣಿನಲ್ಲಿ ಹೊಸದಾಗಿ ಬೆಳೆದದ್ದು. ಆದ್ದರಿಂದ ಬಾಟಲಿಯ ಹಾರ್ಮೋನು ಹಾಲಿಗೆ ಬರುತ್ತದೆ ಎಂದು ಹೆದರಬೇಕಿಲ್ಲ.

ಹಾಲು ಇಳಿಸಲು ಕೆಲವರು ಚುಚ್ಚುವ ಆಕ್ಸಿಟೋಸಿನ್ ಬೇರೆಯೇ ಆದದ್ದು. ಅದು ಪ್ರಾಣಿಗಳ ಹಾರ್ಮೋನು. ವೈದ್ಯರ ಸಲಹೆಯಿಲ್ಲದೆ ಅದನ್ನು ಬಳಸಲೇಬಾರದು. ಹೆಸರು ಒಂದೇ ಎಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಲೋಳೆಸರಕ್ಕೆ ದುಡ್ಡು ಕೊಡಬೇಕೆ?

ಹಿತ್ತಲಿಗಾದರೆ ಬೇಡ. ಬಾಳೆಗೆ ಕಂದು ಬರುವಂತೆ ಲೋಳೆಸರದ ಬುಡದಲ್ಲೂ ಮರಿಗಳು ಬರುತ್ತವೆ. ನೆರೆಮನೆಯವರಿಂದ ನಾಲ್ಕು ಮರಿ ತಂದು, ನೀರು ನಿಲ್ಲದ ಜಾಗದಲ್ಲಿ ನೆಡಿ. ಎಕರೆಗಟ್ಟಲೆ ಬೆಳೆಯುವವರಿಗೆ ಒಂದೇ ಸಮನಾದ ಸಾವಿರಾರು ಸಸಿ ಬೇಕು. ಟಿಶ್ಯೂ ಕಲ್ಚರ್ ಅವರಿಗೆ ಉಪಯುಕ್ತ.

ಆದರೆ ಒಂದೆರಡು ಗಿಡ ಸಾಲದು. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ಲೇಪಕ್ಕೆ ದಿನಕ್ಕೆ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ, 15 ಗ್ರಾಂ ಸುಣ್ಣ ಬೇಕು. ಮೂರನ್ನೂ ರುಬ್ಬಿಕೊಳ್ಳಿ. ಹಾಲನ್ನು ಪೂರ್ತಿ ಕರೆದು, ಕೆಚ್ಚಲು ತೊಳೆದು, ಒಂದು ಹಿಡಿ ಲೇಪವನ್ನು ನೀರಿನಲ್ಲಿ ತೆಳುವಾಗಿ ಕಲಸಿ ಇಡೀ ಕೆಚ್ಚಲಿಗೆ ಹಚ್ಚಿ. ದಿನಕ್ಕೆ ಹತ್ತು ಸಲದಂತೆ ಐದು ದಿನ ಹಚ್ಚಬೇಕು. ಪ್ರತಿದಿನ ಹೊಸದಾಗಿ ರುಬ್ಬಬೇಕು. ಅಂದರೆ ಒಂದು ಹಸುವಿಗೆ ಒಂದೂಕಾಲು ಕಿಲೋ ಎಲೆ. ಹತ್ತು ಗಿಡವಾದರೂ ಇರಲಿ.

ಜ್ವರ ಬಂದರೆ, ಮೇವು ಬಿಟ್ಟರೆ, ಹಾಲಿನಲ್ಲಿ ರಕ್ತ ಅಥವಾ ಕೀವು ಕಂಡರೆ ಲೇಪವನ್ನೇ ನಂಬಿ ಕಾಯಬೇಡಿ. ಅಂದೇ ಪಶುವೈದ್ಯರನ್ನು ಕರೆಸಿ. ಆಂಟಿಬಯೋಟಿಕ್ ಕೊಟ್ಟರೆ, ಅವರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ. ಕಾಯಿಲೆಯನ್ನು ಆರಂಭದಲ್ಲೇ ಗುರುತಿಸಿದರೆ ಈ ನಷ್ಟ ಎಷ್ಟೋ ಸಲ ತಪ್ಪುತ್ತದೆ.

ಶತಾವರಿಯ ಲೆಕ್ಕ ಬೇರೆ

ಶತಾವರಿಯನ್ನು ನಮ್ಮ ಹಿರಿಯರು ‘ಹಲವು ಮಕ್ಕಳ ತಾಯಿ ಬೇರು’ ಎಂದು ಕರೆದರು. ಹಾಲು ಹೆಚ್ಚಿಸುತ್ತದೆಂದು ಬಾಣಂತಿಯರಿಗೂ ಹಸುಗಳಿಗೂ ಕೊಡುತ್ತ ಬಂದಿದ್ದಾರೆ. ಲೋಳೆಸರದಲ್ಲಿ ಎಲೆ ಕೊಯ್ದರೆ ಗಿಡ ಉಳಿಯುತ್ತದೆ. ಇಲ್ಲಿ ಬೇರನ್ನೇ ಅಗೆಯಬೇಕು, ಗಿಡ ಹೋಗುತ್ತದೆ. ಬೀಜ ನಿಧಾನವಾಗಿ, ಏರುಪೇರಾಗಿ ಮೊಳೆಯುತ್ತದೆ. ಬೇರು ಬಲಿಯಲು ಒಂದೂವರೆ ಎರಡು ವರ್ಷ ಬೇಕು. ಕಾಡಿನಿಂದ ಅಗೆದು ತರುತ್ತಲೇ ಹೋದರೆ ಮುಗಿದೇ ಹೋಗುತ್ತದೆ. ಇಂಥ ಗಿಡಕ್ಕೆ ಟಿಶ್ಯೂ ಕಲ್ಚರ್ ಸಸಿ ಕೊಳ್ಳುವುದರಲ್ಲಿ ಅರ್ಥವಿದೆ. ಆದರೆ ಹಸಿರು ಮೇವು, ಪಶು ಆಹಾರ, ಖನಿಜ ಮಿಶ್ರಣ ಕಡಿಮೆ ಮಾಡಿ ಶತಾವರಿ ಕೊಟ್ಟರೆ ಹಾಲು ಬಾರದು.

ಸಸಿ ಕೊಳ್ಳುವಾಗ

• ಬಾಟಲಿಯಿಂದ ನೇರ ಬಂದ ಸಸಿ ಬೇಡ. ಒಳಗಿನ ತೇವಕ್ಕೆ ಹೊಂದಿಕೊಂಡ ಅದು ಬಿಸಿಲಿಗೆ ಬಾಡುತ್ತದೆ. ನೆರಳು ಪರದೆಯಡಿ ಕೆಲವು ವಾರ ಹದಗೊಳಿಸಿದ ಸಸಿಯನ್ನೇ ಕೇಳಿ.

• ಪ್ರಯೋಗಾಲಯಕ್ಕೆ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ಮಾನ್ಯತೆ ಇದೆಯೇ ವಿಚಾರಿಸಿ. ಟಿಶ್ಯೂ ಕಲ್ಚರ್ ಎಂದ ಮಾತ್ರಕ್ಕೆ ರೋಗವಿಲ್ಲ ಎಂದಲ್ಲ. ತಾಯಿ ಗಿಡದಲ್ಲಿದ್ದ ವೈರಸ್ ಮರಿಗೂ ಬರಬಹುದು.

• ಬೆಳವಣಿಗೆ ನಿಯಂತ್ರಕದ ಪುಡಿ, ದ್ರಾವಣ ತಂದು ಮನೆಯಲ್ಲಿ ಪ್ರಯೋಗ ಮಾಡಬೇಡಿ. ಮೇವಿನ ಬೆಳೆಗಂತೂ ಸಿಂಪಡಿಸಲೇಬೇಡಿ.

ಮುಂದಿನ ಸಭೆಗೆ ಬರುವಾಗ, ಮನೆಯಲ್ಲಿ ಲೋಳೆಸರ ಇರುವವರು ಎರಡೆರಡು ಮರಿ ತನ್ನಿ. ಇಲ್ಲದವರು ಒಯ್ಯಲಿ. ಅದಕ್ಕೆ ಪ್ರಯೋಗಾಲಯವೂ ಬೇಡ, ಹಾರ್ಮೋನೂ ಬೇಡ.