ಅವಳಿಗೂ ಒಂದು ಎಲೆ

ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್‌ನಲ್ಲಿ ಯಾರೂ ಬೇಗ ಮಲಗುವುದಿಲ್ಲ. ಅವತ್ತು ನಾವು ನಾಲ್ಕು ಜನ ಒಂದೇ ಮಂಚದ ಮೇಲೆ ಕೂತು, ಲೈಟ್ ಆರಿಸಿ, ಲ್ಯಾಪ್‌ಟಾಪ್‌ನಲ್ಲಿ ದೆವ್ವದ ಸಿನಿಮಾ ಹಾಕಿದೆವು. ಮೊದಲು ಕಿರುಚಿದವರು ಮರುದಿನ ಎಲ್ಲರಿಗೂ ಗೋಬಿ ಮಂಚೂರಿ ಕೊಡಿಸಬೇಕು ಅಂತ ಪಂದ್ಯ.

ನೋಡಿದ್ದು 2007ರ ಕೊರಿಯನ್ ಚಿತ್ರ ‘ಎಪಿಟಾಫ್’. ಕಥೆ ನಡೆಯುವುದು 1942ರಲ್ಲಿ, ಕೊರಿಯಾ ಜಪಾನಿನ ಕೈಯಲ್ಲಿದ್ದ ಕಾಲದ ಒಂದು ಆಸ್ಪತ್ರೆಯಲ್ಲಿ. 1979ರಲ್ಲಿ ಆ ಕಟ್ಟಡವನ್ನು ಕೆಡವುತ್ತಾರೆಂದು ಕೇಳಿದ ವಯಸ್ಸಾದ ಪ್ರೊಫೆಸರ್ ಒಬ್ಬರು ತಾವು ಅಲ್ಲಿ ಕಲಿಯುತ್ತಿದ್ದ ದಿನಗಳನ್ನು ನೆನೆಯುತ್ತಾರೆ. ಶವಾಗಾರ ಕಾಯುವ ಹುಡುಗನಿಗೆ ಅಲ್ಲಿದ್ದ ಒಬ್ಬಳು ಹುಡುಗಿಯ ಹೆಣದ ಮೇಲೆ ಪ್ರೀತಿ ಹುಟ್ಟುತ್ತದೆ. ಮುಖ ನೋಡದೆ ತನಗೆ ನಿಶ್ಚಯವಾಗಿದ್ದ ಹುಡುಗಿ ಅವಳೇ ಎಂದು ಆಮೇಲೆ ಗೊತ್ತಾಗುತ್ತದೆ. ಇನ್ನೊಂದು ವಾರ್ಡಿನಲ್ಲಿ ಕಾರು ಅಪಘಾತದಲ್ಲಿ ಬದುಕುಳಿದ ಪುಟ್ಟ ಹುಡುಗಿ ಇದ್ದಾಳೆ. ಸತ್ತ ಅಮ್ಮ ಅವಳಿಗೆ ಮತ್ತೆ ಮತ್ತೆ ಕಾಣಿಸುತ್ತಾಳೆ.

ಆ ದೃಶ್ಯದಲ್ಲಿ ಉಳಿದ ಮೂವರೂ ಕಿರುಚಿದರು. ಪಂದ್ಯ ನಾನೇ ಗೆದ್ದೆ. ಆದರೆ ನಾನು ಹೆದರದೆ ಇದ್ದದ್ದು ಧೈರ್ಯದಿಂದಲ್ಲ. ಆಸ್ಪತ್ರೆಯ ಮಂಚ, ಒಂದು ಮಗು, ಒಬ್ಬಳು ತಾಯಿ. ನನಗೆ ನಮ್ಮ ಅಜ್ಜಿಯ ನೆನಪಾಗಿತ್ತು.

ನಮ್ಮೂರು ಕಾಣಿಯೂರು. ಪುತ್ತೂರಿನಿಂದ ಸುಬ್ರಹ್ಮಣ್ಯ ರೋಡ್ ಕಡೆಗೆ ರೈಲು ಹತ್ತಿದರೆ ನಡುವೆ ಸಿಗುತ್ತದೆ. ನಮ್ಮ ಕಡೆ ಭೂತ ಅಂದರೆ ದೆವ್ವ ಅಲ್ಲ, ದೈವ. ಕೋಲ ಕೊಟ್ಟು, ಕೈಮುಗಿದು, ಕಷ್ಟ ಹೇಳಿಕೊಳ್ಳುತ್ತೇವೆ. ತೀರಿಹೋದವರಿಗೆ ಬೇರೆ ಹೆಸರಿದೆ, ಕುಲೆ. ಆಟಿ ತಿಂಗಳಲ್ಲಿ ನಮ್ಮ ಮನೆಯಲ್ಲಿ ಕುಲೆಗಳಿಗೆ ಬಾಳೆಲೆ ಹಾಕಿ ಬಡಿಸುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿಯೇ ಒಳಗೆ ಹೋಗುವುದು. ಊಟ ಮಾಡುತ್ತಿರುವವರಿಗೆ ತೊಂದರೆ ಆಗಬಾರದಲ್ಲ!

ಮದುವೆಯಾಗದೆ ತೀರಿಹೋದವರಿಗೆ ಕುಲೆ ಮದುವೆ ಮಾಡುವುದೂ ಉಂಟು. 2024ರಲ್ಲಿ ಪುತ್ತೂರಿನ ಕುಟುಂಬವೊಂದು 30 ವರ್ಷದ ಹಿಂದೆ ತೀರಿಹೋದ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ವರನೂ ತೀರಿಹೋದವನೇ ಆಗಿರಬೇಕಿತ್ತು. ಜಾಹೀರಾತು ವೈರಲ್ ಆಯಿತು. ನಮ್ಮ ಕ್ಲಾಸಿನ ಗ್ರೂಪಿನಲ್ಲಿ ಅದನ್ನು ಹಾಕಿ, ನಗುವ ಎಮೋಜಿ ಸುರಿದು, ‘ಇದು ನಿಮ್ಮೂರಾ?’ ಎಂದು ನನ್ನನ್ನು ಕೇಳಿದರು. ‘ಅಲ್ಲಪ್ಪ, ಪುತ್ತೂರು ನಮಗೆ ದೂರ’ ಅಂದುಬಿಟ್ಟೆ. ಪಿಯುಸಿ ಓದಲು ಎರಡು ವರ್ಷ ದಿನಾ ಹೋಗಿ ಬಂದ ಊರು ಅದು.

ಅದೇ ವರ್ಷ ಆಟಿಯಲ್ಲಿ ಮನೆಗೆ ಹೋದಾಗ ನನ್ನ ಇಂಜಿನಿಯರಿಂಗ್ ತಲೆ ಜೋರಾಗಿ ಓಡುತ್ತಿತ್ತು. ಅಜ್ಜಿ ಎಲೆ ಹಾಕುತ್ತಿದ್ದರು. ನಾನು ವಿಕ್ ಟ್ಯಾಂಡಿಯ ಕಥೆ ಶುರು ಮಾಡಿದೆ. ಇಂಗ್ಲೆಂಡಿನ ಕೊವೆಂಟ್ರಿಯ ಈ ಇಂಜಿನಿಯರ್‌ಗೆ ಲ್ಯಾಬಿನಲ್ಲಿ ದೆವ್ವ ಕಂಡಂತಾಗುತ್ತಿತ್ತು. ಹುಡುಕಿದರೆ ಅದಕ್ಕೆ ಕಾರಣ ಒಂದು ಫ್ಯಾನ್. ಕಿವಿಗೆ ಕೇಳದ, ಸುಮಾರು 19 ಹರ್ಟ್ಸ್‌ನ ಅದರ ಸದ್ದು ಮೈಯಲ್ಲಿ ನಡುಕ, ಕಣ್ಣಂಚಿನಲ್ಲಿ ನೆರಳು ಹುಟ್ಟಿಸುತ್ತಿತ್ತು ಎಂದು 1998ರಲ್ಲಿ ಅವನು ಪ್ರಬಂಧ ಬರೆದ. ‘ಅಷ್ಟೇ ಅಜ್ಜಿ, ಫ್ಯಾನ್ ಆಫ್ ಮಾಡಿದರೆ ದೆವ್ವ ಹೋಯಿತು’ ಅಂದೆ.

ಅಜ್ಜಿ ಬೈಯಲಿಲ್ಲ. ‘ನನ್ನ ಮಗಳು ಫ್ಯಾನಿನಿಂದ ಬಂದವಳಲ್ಲ ಮಗಾ’ ಎಂದಷ್ಟೇ ಹೇಳಿ ಪಾಯಸ ಬಡಿಸಿದರು.

ಆ ಎಲೆ ನನ್ನ ದೊಡ್ಡಮ್ಮನದು. ಅಮ್ಮ ಹುಟ್ಟುವ ಮೊದಲೇ, ಏಳು ವರ್ಷಕ್ಕೆ, ಜ್ವರ ಬಂದು ಆಸ್ಪತ್ರೆಯಲ್ಲಿ ತೀರಿಹೋದವಳು. ನನಗೆ ಗೊತ್ತಿದ್ದದ್ದು ಅಷ್ಟೇ. ಹೆಸರು ಕೂಡ ಕೇಳಿರಲಿಲ್ಲ.

ಸಿನಿಮಾ ನೋಡಿದ ಮರುದಿನ ಬೆಳಿಗ್ಗೆ ಅಜ್ಜಿಗೆ ಫೋನ್ ಮಾಡಿ ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೆಸರು ಹೇಳಿದರು. ಒಂದು ಫೋಟೊ ಕೂಡ ಇಲ್ಲ ಅಂದರು. ಹಲಸಿನ ಹಣ್ಣಿನ ಗಟ್ಟಿ ಅವಳಿಗೆ ಇಷ್ಟ. ಮೂರನೇ ರಾತ್ರಿ ಆಸ್ಪತ್ರೆಯಲ್ಲಿ ಅವಳು ನೀರು ಕೇಳಿದಳಂತೆ. ಅಜ್ಜಿ ಚೊಂಬು ಹಿಡಿದುಕೊಂಡು ಹೊರಗಿನ ನಳ್ಳಿಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ‘ಆ ಚೊಂಬಿನ ನೀರು ಕೊಡಲಿಕ್ಕೇ ಆಗಲಿಲ್ಲ ಮಗಾ’ ಅಂದರು. ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಆಟಿಯಲ್ಲಿ ಆ ಎಲೆಯ ಪಕ್ಕ ಮೊದಲು ಇಡುವುದು ನೀರನ್ನೇ. ಪ್ರತಿ ವರ್ಷ ನೋಡಿದ್ದೆ, ಯಾಕೆಂದು ಕೇಳಿರಲಿಲ್ಲ.

ನಮ್ಮ ಸಿನಿಮಾಗಳಲ್ಲಿ ದೆವ್ವವನ್ನು ಓಡಿಸುವುದೇ ಹೆಚ್ಚು. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ನಾಯಕನನ್ನು ಹಿಡಿದ ಹೆಣ್ಣು ದೆವ್ವವನ್ನು ಬಿಡಿಸಲು ಮಂತ್ರಾಲಯಕ್ಕೇ ಹೋಗಬೇಕಾಯಿತು. ಕಳೆದ ವರ್ಷ, 2025ರಲ್ಲಿ, ನಮ್ಮ ಕರಾವಳಿಯವರೇ ಆದ ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ ಬಂತು. ಸೋಮೇಶ್ವರದ ಸುಲೋಚನಾ ಎಂಬ ದೆವ್ವದ ಹೆಸರಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿ, ಕೊನೆಗೆ ಬದುಕಿರುವ ಒಬ್ಬಳು ಹೆಣ್ಣಿನ ಕಷ್ಟದ ಮುಂದೆ ನಮ್ಮನ್ನು ನಿಲ್ಲಿಸಿತು. ‘ಎಪಿಟಾಫ್’ನಲ್ಲೂ ದೆವ್ವಕ್ಕಿಂತ ಬದುಕುಳಿದವರ ದುಃಖವೇ ದೊಡ್ಡದು. ಸತ್ತವರಿಗೆ ಮದುವೆ ಮಾಡುವ ಪದ್ಧತಿ ಕೊರಿಯಾದಲ್ಲೂ ಇದೆ ಎಂದು ಗೊತ್ತಾದಾಗ ಜಾಹೀರಾತು ನೋಡಿ ನಕ್ಕಿದ್ದವರ ನೆನಪಾಯಿತು. ಜೊತೆಗೆ, ಊರೇ ದೂರ ಅಂದಿದ್ದ ನನ್ನ ನೆನಪೂ.

ನಮ್ಮ ಪದ್ಧತಿ ಎಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಕುಲೆ ಮದುವೆಗೂ ಜಾತಿ, ಬರಿ ನೋಡುತ್ತಾರೆ. ಸತ್ತ ಮೇಲೂ ಅದು ಬಿಡುವುದಿಲ್ಲವಲ್ಲ ಎಂದು ಬೇಸರವಾಗುತ್ತದೆ. ಕುಲೆ ಬಂದು ಉಣ್ಣುತ್ತದೆ ಎಂದು ನಂಬಲೂ ನನಗೆ ಆಗುವುದಿಲ್ಲ. 19 ಹರ್ಟ್ಸ್‌ನ ಲೆಕ್ಕವೂ ಸುಳ್ಳಲ್ಲ. ಆದರೆ ಆ ಲೆಕ್ಕ ಹೆದರಿಕೆಗೆ ಉತ್ತರ. ಅಜ್ಜಿಗೆ ಹೆದರಿಕೆಯೇ ಇರಲಿಲ್ಲ. ಮಗಳಿಗೆ ಒಂದು ಲೋಟ ನೀರು ಕೊಡಬೇಕಿತ್ತು, ಅಷ್ಟೇ.

ಗೋಬಿ ಮಂಚೂರಿ ತಿನ್ನುವಾಗ ಹಾಸ್ಟೆಲ್ ಗೆಳೆಯರಿಗೆ ಇದೆಲ್ಲ ಹೇಳಿದೆ. ಪುತ್ತೂರು ನಮಗೆ ಹತ್ತಿರ ಎಂಬುದನ್ನೂ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಒಬ್ಬ ಮಾತ್ರ ಕೈ ತೊಳೆದುಕೊಂಡು ಬಂದು, ತನ್ನ ತಾತನ ಕಥೆ ಶುರು ಮಾಡಿದ.

ಈ ಆಟಿಗೆ ರಜೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಸಿಗದಿದ್ದರೂ ಒಂದು ಭಾನುವಾರ ರೈಲು ಹತ್ತುತ್ತೇನೆ. ಗಟ್ಟಿ ಮಾಡಲು ಬರುವುದಿಲ್ಲ, ಅದು ಅಜ್ಜಿಯ ಕೆಲಸ. ನೀರು ನಾನು ಇಡುತ್ತೇನೆ.